ಆರು ಹನಿಗಳ ನೆರಳು

ಮೊದಲ ಸಲ ಯಂತ್ರದ ಗೆರೆ ಪರದೆಯ ನೆತ್ತಿಯನ್ನೇ ದಾಟಿ ಹೋದಾಗ ಹನಿಯಮ್ಮ ಬೈದುಕೊಂಡದ್ದು ತನ್ನ ಕೈಯನ್ನು.

ಹನಿಯಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ಪ್ರಯೋಗಾಲಯಕ್ಕೆ ಸೇರಿದ ವಾರದಲ್ಲೇ ಅಲ್ಲಿನ ಹಿರಿಯ ವಿಜ್ಞಾನಿ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ ಆಗಿದ್ದವರು, ಇಟ್ಟ ಅಡ್ಡಹೆಸರು. ಅವಳ ಕೆಲಸವೇ ಹಾಗಿತ್ತು. ಕೆಳಗಿನ ಮಹಡಿಯಲ್ಲಿ ಪೊರೆಯ ಆಪರೇಷನ್ ಶುರುವಾಗುವಾಗ, ರೋಗಿ ಒಪ್ಪಿದ್ದರೆ, ಡಾಕ್ಟರು ಕಣ್ಣಿನ ಮುಂಭಾಗದ ತಿಳಿನೀರನ್ನು ಸೂಜಿಯಲ್ಲಿ ಒಂದಿಷ್ಟು ಎಳೆದು ಕೊಡುತ್ತಿದ್ದರು. ಒಂದಿಷ್ಟು ಎಂದರೆ ಎರಡು ಹನಿ, ಅದೂ ಜಿಪುಣನ ಕೈಯಿಂದ ಬಿದ್ದಂಥ ಹನಿ. ಬೆಳಕು ತಾಗಿದರೆ, ಬಿಸಿ ತಾಗಿದರೆ ಅದರಲ್ಲಿರುವ ವಿಟಮಿನ್ ಸಿ ಹಾಳಾಗುತ್ತದೆಂದು ಕೊಳವೆಗೆ ಬೆಳ್ಳಿ ಹಾಳೆ ಸುತ್ತಿ, ಐಸಿನಲ್ಲಿ ಹುಗಿದು ಮೇಲೆ ತರುತ್ತಿದ್ದರು. ಕೊಳವೆಯ ಮೇಲೆ ಹೆಸರಿಲ್ಲ, ಬರೀ ನಂಬರು. ಜೊತೆಗೆ ಅದೇ ರೋಗಿಯ ರಕ್ತದ ಇನ್ನೊಂದು ಕೊಳವೆ. ಎರಡರಲ್ಲೂ ವಿಟಮಿನ್ ಸಿ ಎಷ್ಟಿದೆಯೆಂದು ಅಳೆಯುವುದು ಹನಿಯಮ್ಮನ ಪಾಲಿನದು.

ರಕ್ತ ಹಾಕಿದಾಗ ಯಂತ್ರದ ಪರದೆಯ ಮೇಲೆ ಗೆರೆ ಒಂದು ಸಣ್ಣ ಇರುವೆಗೂಡಿನಷ್ಟು ಎದ್ದು ತಗ್ಗಿತ್ತು. ಕಣ್ಣಿನ ನೀರು ಹಾಕಿದಾಗ ಬೆಟ್ಟ. ಅದೂ ನೆತ್ತಿ ಕಾಣದ ಬೆಟ್ಟ. ಎಲ್ಲೋ ಹನಿ ಅಳೆಯುವ ಪಿಪೆಟ್ಟು ತಪ್ಪಿದೆ ಎಂದುಕೊಂಡು ಉಳಿದದ್ದನ್ನು ಹತ್ತು ಪಟ್ಟು ನೀರು ಬೆರೆಸಿ ಮತ್ತೆ ಹಾಕಿದಳು. ಈಗ ನೆತ್ತಿ ಕಂಡಿತು. ಲೆಕ್ಕ ಹಾಕಿದರೆ ರಕ್ತದಲ್ಲಿದ್ದುದರ ಇಪ್ಪತ್ತು ಪಟ್ಟು. ಅಳುಮೋರೆ ಹೊತ್ತು ಮೇಡಂ ಮುಂದೆ ನಿಂತಳು.

"ಮೇಡಂ, ಒಂದು ಸ್ಯಾಂಪಲ್ ಹಾಳು ಮಾಡ್ಬಿಟ್ಟೆ."

ಮೇಡಂ ಹಾಳೆ ನೋಡಿ ನಕ್ಕರು. "ಹಾಳೂ ಇಲ್ಲ ಬೀಳೂ ಇಲ್ಲ ಕಣೆ ಹನಿಯಮ್ಮ. ಕಣ್ಣು ಇರೋದೇ ಹಾಗೆ. ರಕ್ತದಿಂದ ಹನಿ ಹನಿಯಾಗಿ ಹೆಕ್ಕಿ ಹೆಕ್ಕಿ ತಂದು ಕೂಡಿಟ್ಕೊಂಡಿದೆ. ಹಗಲು ಓಡಾಡೋ ಪ್ರಾಣಿಗಳ ಕಣ್ಣಲ್ಲೇ ಈ ಬೆಟ್ಟ. ರಾತ್ರಿ ತಿರುಗೋ ಇಲಿ ಕಣ್ಣಲ್ಲಿ ನೋಡು, ದಿಬ್ಬನೂ ಇರಲ್ಲ."

"ಯಾಕೆ ಮೇಡಂ?"

"ಸೂರ್ಯನಿಗೆ ಎದುರು ನಿಲ್ಲೋರಿಗೆ ತಾನೇ ಗುರಾಣಿ ಬೇಕಿರೋದು? ನಿನ್ನ ಯಂತ್ರ ಏನನ್ನ ಅಳೀತಿದೆ, ಹೇಳು ನೋಡೋಣ."

ಹನಿಯಮ್ಮ ಯೋಚಿಸಿದಳು. ಯಂತ್ರದೊಳಗೆ ಒಂದು ದೀಪವಿದೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿನದು. ದ್ರವ ಅದರ ಮುಂದೆ ಹಾಯುವಾಗ ವಿಟಮಿನ್ ಸಿ ಆ ಬೆಳಕನ್ನು ನುಂಗುತ್ತದೆ. ಆಚೆ ಬದಿಯಲ್ಲಿ ಎಷ್ಟು ಬೆಳಕು ಕಡಿಮೆಯಾಯಿತೋ ಅಷ್ಟೆತ್ತರ ಗೆರೆ ಏಳುತ್ತದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಉರು ಹೊಡೆದ ವಿಷಯ. ಈಗ ಮೊದಲ ಸಲ ಅರ್ಥ ಹೊಳೆಯಿತು. ಯಂತ್ರ ಅಳೆಯುತ್ತಿದ್ದದ್ದು ನೆರಳನ್ನು. ಯಾರದೋ ಕಣ್ಣಿನೊಳಗೆ ಯಾವ ಕೆಲಸ ನಡೆಯುತ್ತಿತ್ತೋ ಅದೇ ಕೆಲಸವನ್ನು ಆ ಹನಿ ಇಲ್ಲಿ, ಗಾಜಿನ ಕೊಳವೆಯಲ್ಲಿ, ಒಡೆಯನಿಂದ ದೂರವಾದ ಮೇಲೂ ಮಾಡುತ್ತಿತ್ತು.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋದರೆ ಊಟ ಸೇರೀತೆ? ತಟ್ಟೆ ಮುಂದೆ ಕೂತೊಡನೆ ಎಲ್ಲವನ್ನೂ ಸುರಿದಳು. ತಿಳಿನೀರು, ಬೆಟ್ಟ, ಇಲಿ. ದಿನಾ ತಿನ್ನುವ ಸೊಪ್ಪಿನ ಹಸಿರಿನಡಿ ಅಡಗಿರುವ ಹಳದಿ ಬಣ್ಣ ಕಣ್ಣಿನ ಹಿಂಗೋಡೆಗೆ ಹೋಗಿ, ನೋಟ ಅತಿ ಸೂಕ್ಷ್ಮವಾಗಿರುವ ಜಾಗದಲ್ಲೇ ಒಂದು ಚುಕ್ಕೆಯಾಗಿ ಕೂರುತ್ತದೆ ಎಂಬುದನ್ನೂ ಸೇರಿಸಿದಳು.

"ಕೇಳಿಸ್ಕೊಳಿ," ಅಂದಳು ಅಮ್ಮ, ಅಪ್ಪ ತಟ್ಟೆಯಂಚಿಗೆ ತಳ್ಳಿದ್ದ ಸೊಪ್ಪಿನ ಕಡೆ ಸೌಟು ತೋರಿಸಿ. "ಮೂವತ್ತು ವರ್ಷದಿಂದ ತಿನ್ನಿ ತಿನ್ನಿ ಅಂತ ಬಡ್ಕೊಂಡೆ. ಹೆಂಡ್ತಿ ಹೇಳಿದ್ರೆ ಸೊಪ್ಪು, ಮಗಳು ಹೇಳಿದ್ರೆ ಸೈನ್ಸು."

ಅಪ್ಪ ನಗಲಿಲ್ಲ. ಮನೆಯ ಹಿಂದಿನ ಬೀದಿಯಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ಡು. ಗೇಟು, ಕಿಟಕಿಯ ಸರಳು, ಮೆಟ್ಟಿಲ ಪಕ್ಕದ ಕಂಬಿ ಮಾಡುತ್ತ ಮೂವತ್ತನಾಲ್ಕು ವರ್ಷ ಕಳೆದಿದ್ದ. ಬೀದಿಯವರಿಗೆ ಅವನು ಒಕ್ಕಣ್ಣ ಮೇಸ್ತ್ರಿ. ಎರಡೂ ಕಣ್ಣು ಸರಿಯಿದ್ದವನಿಗೆ ಆ ಹೆಸರೇಕೆ ಬಂತೆಂದು ಮಗಳು ಎಂದೂ ಕೇಳಿರಲಿಲ್ಲ. ಪೈಪು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡುವುದರಿಂದ ಇರಬೇಕೆಂದು ತಾನೇ ತೀರ್ಮಾನಿಸಿದ್ದಳು.

"ಅಂದ್ರೆ ಪಾಪು," ಅಂದ ಅಪ್ಪ ನಿಧಾನವಾಗಿ, "ಕಣ್ಣೊಳಗೇ ಒಂದು ಕಪ್ಪು ಗಾಜಿದೆ ಅನ್ನು."

ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಅಡ್ಡ ಹಿಡಿಯುವ ಶೀಲ್ಡಿನಲ್ಲಿ ಇರುತ್ತದಲ್ಲ, ಆ ಗಾಜಿನ ಮಾತು. ಹೋಲಿಕೆ ಚೆನ್ನಾಗಿದೆ ಅನ್ನಿಸಿತು ಅವಳಿಗೆ. ಬಾಯಿ ತುಂಬ, "ಹೂಂ ಕಣಪ್ಪ, ಹಾಗೇ ಅಂದ್ಕೊ," ಅಂದಳು.

ಆಮೇಲೆ ಎಷ್ಟೋ ದಿನ ಆ ಒಂದು 'ಹೂಂ'ಗಾಗಿ ಅವಳು ತನ್ನನ್ನೇ ಬೈದುಕೊಂಡಳು.

ಅಪ್ಪ ಔಷಧಿ ಅಂಗಡಿಯಿಂದ ಕಣ್ಣಿನ ಚಿತ್ರವಿದ್ದ ಡಬ್ಬಿ ತಂದ. ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು, ವಿಟಮಿನ್ ಸಿ ಇದ್ದವು, ದಿನಕ್ಕೊಂದು. ತಿಂಡಿಯಾದ ಮೇಲೆ ಒಂದನ್ನು ನುಂಗಿ, ಎದೆ ತಟ್ಟಿಕೊಂಡು ಶೆಡ್ಡಿಗೆ ಹೋಗುತ್ತಿದ್ದ. ಮೂರನೇ ವಾರ ಒಂದು ದೊಡ್ಡ ಕಟ್ಟಡದ ಕಂಬಿಯ ಕೆಲಸ ಬಂತು. ಒಂದೇ ಹಗಲಲ್ಲಿ ನಾನೂರು ಟ್ಯಾಕು. ಟ್ಯಾಕ್ ಎಂದರೆ ಎರಡು ಕಬ್ಬಿಣದ ತುಂಡುಗಳನ್ನು ಪೂರ್ತಿ ಬೆಸೆಯುವ ಮೊದಲು ಅಲ್ಲಾಡದ ಹಾಗೆ ಹಾಕುವ ಒಂದೊಂದು ಚುಕ್ಕೆ. ಟೈಲರು ಹೊಲಿಯುವ ಮೊದಲು ಕಚ್ಚಾ ಹೊಲಿಗೆ ಹಾಕುವುದಿಲ್ಲವೆ, ಹಾಗೆ. ಸಂಜೆ ಆರರ ಹೊತ್ತಿಗೆ ಅಪ್ಪ ಒದ್ದೆ ಬಟ್ಟೆಯನ್ನು ಬಲಗಣ್ಣಿಗೆ ಒತ್ತಿಕೊಂಡು ಮನೆಗೆ ಬಂದ.

"ಹಿಡಿ ಮರಳು ಎರಚಿದ ಹಾಗಿದೆ," ಎಂದು ನರಳಿದ. "ಮಾತ್ರೆ ತಗೊಂಡಿದ್ನಲ್ಲ! ಇವತ್ತು ಎರಡು ತಗೊಂಡಿದ್ದೆ!"

"ಶೀಲ್ಡು?"

"ಅದೇ ಹೇಳ್ದೆಯಲ್ಲ ನೀನು, ಒಳಗೇ ಇದೆ ಅಂತ."

ಅಮ್ಮ ಮಗಳ ಮುಖ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಲಗಣ್ಣಿನ ಉರಿ ಎರಡು ದಿನದಲ್ಲಿ ಇಳಿಯಿತು. ಸುಟ್ಟ ಮೇಲ್ಪದರ ತಾನಾಗಿಯೇ ಹೊಸದಾಗಿ ಬೆಳೆಯಿತೆಂದು ಕಣ್ಣಿನ ಡಾಕ್ಟರು ಹೇಳಿದರು. ಆದರೆ ಅದೇ ನೆಪದಲ್ಲಿ ಪಾಪೆ ಅಗಲ ಮಾಡಿ ಒಳಗೆ ನೋಡಿದವರು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು, ಮತ್ತೆ ಎಡಗಣ್ಣು ನೋಡಿದರು.

"ಮೇಸ್ತ್ರಿಗಳೆ, ಬಲಗಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ. ಕಂದು ಬಣ್ಣಕ್ಕೆ ತಿರುಗಿದೆ. ಎಡಗಣ್ಣು ನಲವತ್ತು ವರ್ಷದವನ ಹಾಗಿದೆ. ಒಂದೇ ಮುಖದಲ್ಲಿ ಎರಡು ವಯಸ್ಸು ಯಾಕೆ?"

"ಎಡಗಣ್ಣು ಸೋಮಾರಿ ಇರ್ಬೇಕು ಸಾರ್," ಅಂದ ಅಪ್ಪ.

ಮಾತ್ರೆಯ ಡಬ್ಬಿ ನೋಡಿ ಡಾಕ್ಟರು ತಲೆಯಾಡಿಸಿದರು. "ಇದು ವಿಷವಲ್ಲ. ಆದರೆ ಕೆರೆ ತುಂಬಿದ ಮೇಲೆ ಎಷ್ಟು ನೀರು ಬಂದ್ರೂ ಕೋಡಿ ಹರಿದು ಹೋಗುತ್ತೆ. ಊಟದಲ್ಲಿ ಸೊಪ್ಪು, ಹಣ್ಣು ಇದ್ರೆ ನಿಮ್ಮ ಕಣ್ಣು ತನಗೆ ಬೇಕಾದಷ್ಟು ಆಗಲೇ ತುಂಬಿಸ್ಕೊಂಡಿರುತ್ತೆ. ಅದು ಬಿಸಿಲಿಗೆ ಅಂತ ಕಟ್ಟಿದ ಕೆರೆ, ನಿಮ್ಮ ವೆಲ್ಡಿಂಗ್ ರಾಡಿನ ಬೆಂಕಿಗಲ್ಲ. ಬಲಗಣ್ಣಿನ ಆಪರೇಷನ್ ಮಾಡಿಸ್ಕೊಳ್ಳಿ. ಪೊರೆ ಬಂದ ಮಸೂರ ಬದಲಾಯಿಸಬಹುದು. ಅದರ ಹಿಂದಿರೋ, ಚಿತ್ರ ಮೂಡೋ ಪರದೆ ಕೆಟ್ಟರೆ ಮಾತ್ರ ನನ್ನ ಹತ್ತಿರ ಬದಲಿ ಇಲ್ಲ."

ಅಪ್ಪ ಮನೆಗೆ ಬಂದವನೇ ಚಪ್ಪಲಿ ಬಿಡುತ್ತ ಹೇಳಿದ: "ಆಪರೇಷನ್ನೂ ಬೇಡ, ಗೀಪರೇಷನ್ನೂ ಬೇಡ. ಎಡಗಣ್ಣಿದೆಯಲ್ಲ, ಸಾಕು."

ಒಂದು ಮುಖದಲ್ಲಿ ಎರಡು ವಯಸ್ಸು. ಆ ಮಾತು ಹನಿಯಮ್ಮನನ್ನು ಬಿಡಲಿಲ್ಲ. ರಜೆಯ ದಿನ ಮಧ್ಯಾಹ್ನ ಅಪ್ಪನ ಬುತ್ತಿ ಹಿಡಿದು ಶೆಡ್ಡಿಗೆ ಹೋದಳು. ಬಾಗಿಲಲ್ಲೇ ಕಿಡಿಯ ಸದ್ದು ಕೇಳಿ ಕಾಲು ತಾನಾಗಿಯೇ ನಿಂತಿತು, ಮುಖ ತಾನಾಗಿಯೇ ಗೋಡೆಯ ಕಡೆ ತಿರುಗಿತು. ನಡೆಯಲು ಕಲಿತಾಗಿನಿಂದ ಕಲಿತ ಪಾಠ. "ಪಾಪು, ನೋಡ್ಬೇಡ!" ಎಂದು ಅಪ್ಪ ಎಷ್ಟು ಸಾವಿರ ಸಲ ಕೂಗಿದ್ದನೋ.

ಆಗ ಅವಳಿಗೊಂದು ವಿಚಾರ ಹೊಳೆದು, ನಿಂತಲ್ಲೇ ಬೆರಗಾದಳು. ಅಪ್ಪನ ಊಟ ಮಾಡುವಾಗಿನ ಮುಖ ಗೊತ್ತು, ನಿದ್ದೆಯ ಮುಖ ಗೊತ್ತು, ಸಿಟ್ಟಿನ ಮುಖ ಗೊತ್ತು. ಮೂವತ್ತನಾಲ್ಕು ವರ್ಷ ಅವನು ಮಾಡಿದ ಕೆಲಸ ಒಂದೇ. ಆ ಕೆಲಸ ಮಾಡುವ ಕ್ಷಣದ ಮುಖವನ್ನು ಅವಳು ಒಮ್ಮೆಯೂ ನೋಡಿಲ್ಲ. ಅವಳೇನು, ಯಾರೂ ನೋಡಿಲ್ಲ. ಬೆಂಕಿ ಉರಿಯುವಾಗ ಬೀದಿಗೆ ಬೀದಿಯೇ ಮುಖ ತಿರುಗಿಸುತ್ತದೆ.

ಮೊಳೆಗೆ ನೇತು ಹಾಕಿದ್ದ ಇನ್ನೊಂದು ಶೀಲ್ಡನ್ನು ತೆಗೆದು ಮುಖಕ್ಕೆ ಹಿಡಿದು ತಿರುಗಿದಳು.

ಕಪ್ಪು ಗಾಜಿನೊಳಗೆ ಮೊದಲು ಏನೂ ಇಲ್ಲ. ಆಮೇಲೆ ಒಂದು ಹಸಿರು ನಕ್ಷತ್ರ ಹೊತ್ತಿಕೊಂಡಿತು. ಅದರ ಬೆಳಕಿನಲ್ಲಿ ಕಬ್ಬಿಣದ ಮೂಲೆ, ಎಡಗೈಯ ಮಾಸಿದ ಗ್ಲೌಸು, ಅದರ ಮೇಲೆ ಅಪ್ಪನ ಮುಖ. ಎಡಗೈ ತುಂಡನ್ನು ಒತ್ತಿ ಹಿಡಿದಿದೆ, ಬಲಗೈಯಲ್ಲಿ ರಾಡಿದೆ, ಶೀಲ್ಡ್ ಹಿಡಿಯಲು ಮೂರನೇ ಕೈ ಇಲ್ಲ. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿದ್ದಾನೆ, ಎಷ್ಟು ಬಿಗಿಯಾಗಿ ಎಂದರೆ ಕೆನ್ನೆಯೇ ಮೇಲಕ್ಕೆ ಎದ್ದಿದೆ. ಬಲಗಣ್ಣು ಪೂರ್ತಿ ತೆರೆದಿದೆ. ನಕ್ಷತ್ರ ಆರಿತು. ಮತ್ತೆ ಹೊತ್ತಿತು. ಮತ್ತೆ ಅದೇ ಮುಖ.

ಡಾಕ್ಟರ ಪ್ರಶ್ನೆಗೆ ಉತ್ತರ ಅಷ್ಟೇ ಆಗಿತ್ತು. ಕಾಗದದಷ್ಟು ತೆಳುವಾದ ಒಂದು ಚರ್ಮದ ಮಡಿಕೆ. ಯಾವ ಡಬ್ಬಿಯಲ್ಲೂ ಸಿಗದ ಆ ರೆಪ್ಪೆ ಮುಚ್ಚಿದ್ದ ಕಣ್ಣು ನಲವತ್ತರಲ್ಲೇ ನಿಂತಿತ್ತು. ತೆರೆದಿದ್ದ ಕಣ್ಣು ಎಪ್ಪತ್ತು ದಾಟಿತ್ತು.

"ಅಪ್ಪ!"

ಅಪ್ಪ ಬೆಚ್ಚಿಬಿದ್ದು ರಾಡು ಎತ್ತಿದ. "ನೋಡ್ಬೇಡ ಅಂತ ಹೇಳಿಲ್ವಾ!"

"ಶೀಲ್ಡ್ ಹಿಡಿದೇ ನೋಡ್ದೆ. ಯಾವಾಗಿಂದ ಹೀಗೆ ಒಂದು ಕಣ್ಣು ಮುಚ್ಕೊಂಡು ಟ್ಯಾಕ್ ಹೊಡೀತಿದ್ದೀಯ?"

"ಮೊದಲ ದಿನದಿಂದ. ನಂಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳ್ಕೊಟ್ಟಿದ್ದು. ಒಂದು ಕಣ್ಣು ಕೆಲಸಕ್ಕೆ, ಒಂದು ಕಣ್ಣು ಮನೆಗೆ ಅಂತಿದ್ದ. ನಾನು ಅದನ್ನ ಎಲ್ಲರಿಗೂ ಹೇಳಿದ್ದಕ್ಕೇ ತಾನೇ ಬೀದಿಯೋರು ಒಕ್ಕಣ್ಣ ಅನ್ನೋದು? ನಿಂಗೊತ್ತಿರ್ಲಿಲ್ವಾ?" ಎಂದು ನಕ್ಕ. ಆಮೇಲೆ ಬೆಸುಗೆಯ ಮೇಲೆ ಕಟ್ಟಿದ ಕರಿ ಹೊಟ್ಟನ್ನು ಸುತ್ತಿಗೆಯಲ್ಲಿ ಕುಟ್ಟುತ್ತ, "ಈಗ ಬಲಗಣ್ಣಿಗೆ ಗೆರೆ ಸರಿಯಾಗಿ ಕಾಣ್ತಿಲ್ಲ. ಇನ್ನೊಂದು ವಾರ ನೋಡ್ತೀನಿ. ಆಮೇಲೆ ಅದನ್ನ ಮುಚ್ಚಿ ಎಡಗಣ್ಣು ತೆರೆದು ಹೊಡೆಯೋದು ಅಭ್ಯಾಸ ಮಾಡ್ಕೋತೀನಿ," ಅಂದ.

ಹನಿಯಮ್ಮ ಬುತ್ತಿಯನ್ನು ಕೆಳಗಿಟ್ಟಳು. ಮನೆಗೆಂದು ಉಳಿಸಿಟ್ಟ ಕಣ್ಣನ್ನೂ ಅಪ್ಪ ಬೆಂಕಿಗೆ ಒಡ್ಡಲು ಹೊರಟಿದ್ದ. ಮುಂದಿನ ವಾರವೇ.

"ಅಪ್ಪ, ತಪ್ಪು ನಂದು. ಒಳಗೆ ಕಪ್ಪು ಗಾಜಿದೆ ಅಂದಾಗ ನಾನು ಹೂಂ ಅನ್ಬಾರ್ದಿತ್ತು. ಅದು ಗಾಜಲ್ಲ. ಬೆಳಕು ಬಿದ್ದಷ್ಟೂ ಅದು ಖರ್ಚಾಗುತ್ತೆ, ಕಣ್ಣು ಮತ್ತೆ ತುಂಬಿಸುತ್ತೆ. ನೀನು ಒಂದು ದಿನಕ್ಕೆ ನಾನೂರು ಸೂರ್ಯ ಹುಟ್ಟಿಸಿದ್ರೆ ಅದು ಎಲ್ಲಿಂದ ತರ್ಬೇಕು?"

ಅಪ್ಪ ಹೋಲ್ಡರಿನಿಂದ ರಾಡಿನ ಮೋಟು ತೆಗೆದು ಡಬ್ಬಕ್ಕೆ ಎಸೆದ.

"ಆಪರೇಷನ್ನಲ್ಲಿ ತೆಗೆದ ಮಸೂರನ ಏನ್ಮಾಡ್ತಾರೆ?"

"ಏನಿಲ್ಲ. ಬಿಸಾಕ್ತಾರೆ."

"ಹಾಗಾದ್ರೆ ನಂಗೆ ತೋರಿಸ್ಬೇಕು. ಬಿಚ್ಚಿದ ಪಾರ್ಟು ನೋಡದೆ ನಾನು ಯಾವ ಮಿಷಿನ್ನನ್ನೂ ರಿಪೇರಿಗೆ ಕೊಟ್ಟೋನಲ್ಲ."

ಡಾಕ್ಟರು ಆ ಷರತ್ತಿಗೆ ಒಪ್ಪಿದರು. ಇಷ್ಟು ಗಟ್ಟಿಯಾದ ಪೊರೆಯನ್ನು ಪುಡಿ ಮಾಡುವುದಕ್ಕಿಂತ ಇಡಿಯಾಗಿ ತೆಗೆಯುವುದೇ ಮೇಲು ಎಂದೂ ಹೇಳಿದರು. ಸಂಶೋಧನೆಗೆ ಎರಡು ಹನಿ ಕೊಡುತ್ತೀರಾ ಎಂಬ ಹಾಳೆಗೆ ಅಪ್ಪ, "ನಮ್ಮ ಪಾಪು ಕೆಲಸ ತಾನೇ, ನಾಲ್ಕು ತಗೊಳ್ಳಿ," ಎನ್ನುತ್ತ ರುಜು ಹಾಕಿದ.

ಆಪರೇಷನ್ನಿನ ದಿನ ಮೇಲೆ ಬಂದದ್ದು ಕಣ್ಣಿನ ನೀರಿನ ಆರು ಕೊಳವೆ. ಆರೂ ಒಂದೇ ಥರ, ಬೆಳ್ಳಿ ಹಾಳೆ, ನಂಬರು. ಅಪ್ಪನದು ಯಾವುದೆಂದು ತಿಳಿಯುವ ದಾರಿಯಿರಲಿಲ್ಲ. ಇದ್ದರೂ ನಿಯಮದ ಪ್ರಕಾರ ತಿಳಿಯುವ ಹಾಗಿರಲಿಲ್ಲ. ಹನಿಯಮ್ಮ ಎಂದಿಗಿಂತ ನಿಧಾನವಾಗಿ ಒಂದೊಂದನ್ನೂ ಎತ್ತಿದಳು. ಒಳಗೊಳಗೇ ಒಂದು ಭಯವಿತ್ತು. ಇವುಗಳಲ್ಲಿ ಒಂದು ಬತ್ತಿ ಹೋಗಿದ್ದರೆ? ಐದು ಬೆಟ್ಟಗಳ ನಡುವೆ ಒಂದು ಇರುವೆಗೂಡು ಕಂಡರೆ, ನಂಬರಿನ ಹಿಂದೆ ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮೊದಲನೆಯದು ಎದ್ದಿತು. ಎರಡನೆಯದು ಎದ್ದಿತು. ಮೂರು. ನಾಲ್ಕನೆಯದರಲ್ಲಿ ಗೆರೆ ಕ್ಷಣ ಹೊತ್ತು ಅನುಮಾನಿಸಿದಂತೆ ಕಂಡು, ಅದೂ ಎದ್ದಿತು. ಐದು. ಆರು.

ಅತಿ ಹೆಚ್ಚೆಂದರೆ ರಕ್ತದ ಇಪ್ಪತ್ಮೂರು ಪಟ್ಟು, ಅತಿ ಕಡಿಮೆಯೆಂದರೂ ಹದಿನಾಲ್ಕು ಪಟ್ಟು. ಹೆಚ್ಚು ಕಡಿಮೆ ಊಟದಿಂದಲೂ ಇರಬಹುದು, ವಯಸ್ಸಿನಿಂದಲೂ ಇರಬಹುದು. ಆರು ಕಣ್ಣುಗಳಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಯಾವುದು ಅಪ್ಪನದಾದರೂ ಸರಿ, ಒಂದಂತೂ ನಿಜ. ಆ ಕಣ್ಣು ಅವನ ಕೈ ಬಿಟ್ಟಿರಲಿಲ್ಲ. ಮೂವತ್ತನಾಲ್ಕು ವರ್ಷ ಕಣ್ಣೆದುರೇ ಬೆಂಕಿ ಹಚ್ಚಿದವನಿಗೆ, ನಿನ್ನೆ ರಾತ್ರಿಯೂ, ಇಂದು ಬೆಳಿಗ್ಗೆ ಸೂಜಿ ಚುಚ್ಚುವ ಗಳಿಗೆಯವರೆಗೂ, ರಕ್ತದಿಂದ ಹೆಕ್ಕಿ ಹೆಕ್ಕಿ ತಂದು ತುಂಬಿಸುತ್ತಲೇ ಇತ್ತು. ಈಗ, ಕೆಳಗೆ ಅವನು ಪಟ್ಟಿ ಕಟ್ಟಿಕೊಂಡು ಮಲಗಿರುವಾಗ, ತೆಗೆದುಕೊಂಡ ಎರಡು ಹನಿಯನ್ನೂ ಮತ್ತೆ ತುಂಬಿಸಿ ಮುಗಿಸಿರುತ್ತದೆ.

"ಏನೇ ಹನಿಯಮ್ಮ, ಕಣ್ಣಲ್ಲಿ ನೀರು?" ಎಂದರು ದೊಡ್ಡ ಮೇಡಂ ಹಿಂದಿನಿಂದ. "ಅದನ್ನ ಅಳೆಯೋಕೆ ಯಂತ್ರ ಬೇರೆ ಇದೆ."

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅಪ್ಪ ಕಿಟಕಿಯ ಪರದೆ ನೋಡಿದ, ನರ್ಸಿನ ಕೈಯ ಬಳೆ ನೋಡಿದ, ಆಮೇಲೆ ಎಡಗಣ್ಣು ಮುಚ್ಚಿ ಅಮ್ಮನ ಸೀರೆಯನ್ನೇ ನೋಡುತ್ತ ಕೂತ.

"ಇದು ನೀಲಿನಾ?"

"ನೀವೇ ತಂದಿದ್ದು, ಹತ್ತು ವರ್ಷದ ಹಿಂದೆ," ಅಂದಳು ಅಮ್ಮ. "ಪೈಪು ನೋಡೋ ಹಾಗೆ ಎಡಗಣ್ಣು ಮುಚ್ಚಿ ನೋಡಿ, ನೀಲಿ ಕೇಳಿದ್ರೆ ಅಂಗಡಿಯೋನು ಮಣ್ಣಿನ ಬಣ್ಣ ಕೊಟ್ಟ ಅಂತ ಇಷ್ಟು ವರ್ಷ ಬೈತಿದ್ರಿ."

ಡಾಕ್ಟರು ಮಾತಿಗೆ ತಪ್ಪಿರಲಿಲ್ಲ. ಚಿಕ್ಕ ಗಾಜಿನ ಬಟ್ಟಲಲ್ಲಿ, ಉಪ್ಪುನೀರಿನಲ್ಲಿ, ಅದು ಕೂತಿತ್ತು. ಒಂದು ಬಟಾಣಿಯನ್ನು ಬೆರಳಲ್ಲಿ ಚಪ್ಪಟೆ ಮಾಡಿದಷ್ಟು. ಅಂಚು ಜೇನಿನ ಬಣ್ಣ, ನಡುವೆ ಮರದ ಅಂಟಿನಂಥ ಕಡುಕಂದು. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಕೆಂಡವಿದ್ದಂತೆ ಹೊಳೆಯುತ್ತಿತ್ತು.

"ಇಷ್ಟೇನಾ?" ಅಂದ ಅಪ್ಪ ಪಿಸುದನಿಯಲ್ಲಿ.

"ಇಷ್ಟೇ," ಅಂದಳು ಹನಿಯಮ್ಮ. "ಮೈಯಲ್ಲಿ ಎಲ್ಲ ಹಳೇದು ಉದುರಿ ಹೊಸದು ಬರುತ್ತೆ ಕಣಪ್ಪ, ಚರ್ಮ, ಉಗುರು, ರಕ್ತ. ಇದು ಮಾತ್ರ ಏನನ್ನೂ ಬಿಸಾಡಲ್ಲ. ಹಳೇದರ ಸುತ್ತ ಹೊಸ ಪದರ ಸುತ್ಕೋತಾ ಹೋಗುತ್ತೆ, ಈರುಳ್ಳಿ ಥರ. ವಯಸ್ಸಾದ ಹಾಗೆ ಹೊರಗಿನ ವಿಟಮಿನ್ನಿನ ಕಾವಲು ನಡುವಿನವರೆಗೆ ತಲುಪಲ್ಲ. ಅದಕ್ಕೇ ನಡುವೆ ಹೆಚ್ಚು ಕಂದು. ಹಿಂದಿನ ಪರದೆಗೆ ಹೋಗ್ಬೇಕಿದ್ದ ಏಟನ್ನ ತಾನು ತಿಂದಿದೆ."

"ಈ ನಡುವಿಂದು ಎಷ್ಟು ಹಳೇದು?"

"ನೀನು ಹುಟ್ಟೋಕೆ ಮುಂಚಿಂದು. ಅಜ್ಜಿ ಹೊಟ್ಟೇಲಿದ್ದಾಗ ಆಗಿದ್ದು."

ಅಪ್ಪನ ತಾಯಿ ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು. ಅವಳದೆಂದು ಮನೆಯಲ್ಲಿ ಉಳಿದದ್ದು ಒಂದು ಫೋಟೊ, ಅದೂ ಮಬ್ಬು. ಅಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕೂಸು ಹಿಡಿದ ಹಾಗೆ.

"ಅವ್ವ ಮಾಡಿಕೊಟ್ಟಿದ್ದು," ಅಂದ. "ಇನ್ನೊಂದಿದೆ ನನ್ನ ಹತ್ರ."

ಅಲ್ಲಿಂದಾಚೆ ಅವನು ಆ ವಿಷಯ ಎತ್ತಲಿಲ್ಲ. ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲೇ ಕೂತು, ತಟ್ಟೆಯಂಚಿನ ಸೊಪ್ಪನ್ನು ಮಾತಿಲ್ಲದೆ ತಿಂದ. ಮಾತ್ರೆಯ ಖಾಲಿ ಡಬ್ಬಿಗೆ ಸಣ್ಣ ಸ್ಕ್ರೂಗಳನ್ನು ತುಂಬಿಟ್ಟ. ಬೀದಿಯವರು ಮುಖ ಮುಚ್ಚುವ ವೆಲ್ಡಿಂಗ್ ಹೆಲ್ಮೆಟ್ ಹಾಕಿಕೊ ಎಂದರೆ, "ತಲೆ ಮೇಲೆ ಬಾಣಲೆ ಹೊತ್ತ ಹಾಗಾಗುತ್ತೆ," ಎಂದು ಮುಖ ಸಿಂಡರಿಸಿದ. ಹನಿಯಮ್ಮ ದಿನ ಎಣಿಸಿದಳು. ಒಂದು ತಿಂಗಳ ಮೇಲೆ, ಕೆಲಸ ಮತ್ತೆ ಶುರುವಾದ ದಿನ, ಆಸ್ಪತ್ರೆಗೆ ಅರ್ಧ ದಿನ ರಜೆ ಹೇಳಿ ಶೆಡ್ಡಿಗೆ ಬಂದಳು.

ಟ್ಯಾಕ್ ಹೊಡೆಯುವ ಮೇಜಿನ ಮೇಲೊಂದು ಕಂಬಿಯ ಚೌಕಟ್ಟು ನಿಂತಿತ್ತು. ಅದರಿಂದ ಹಳೇ ಶೀಲ್ಡಿನ ಕಪ್ಪು ಗಾಜು ಕಿಟಕಿಯ ಬಾಗಿಲಿನಂತೆ ತೂಗುತ್ತಿತ್ತು. ಗಾಜಿನಿಂದ ಸೈಕಲ್ಲಿನ ಬ್ರೇಕ್ ಕೇಬಲ್ಲು ಕೆಳಗಿಳಿದು, ನೆಲದ ಮೇಲಿನ ಒಂದು ಪೆಡಲಿಗೆ ಸೇರಿತ್ತು.

"ಕೈ ಎರಡೇ ಇದ್ರೇನು, ಕಾಲಿಲ್ವಾ?" ಅಂದ ಅಪ್ಪ. "ತುಳಿದ್ರೆ ಮುಚ್ಚುತ್ತೆ, ಬಿಟ್ರೆ ತೆಗೆಯುತ್ತೆ. ರೆಪ್ಪೆ ಥರ. ಎರಡು ಕಣ್ಣಿಗೂ ಒಂದೇ ರೆಪ್ಪೆ."

ಬಾಗಿಲ ಬಳಿ ನಿಂತಿದ್ದ ಪಕ್ಕದಂಗಡಿಯ ಪಂಕ್ಚರಿನವನು ಕಿಸಕ್ಕನೆ ನಕ್ಕ. "ಇನ್ನು ಮೇಲೆ ಒಕ್ಕಣ್ಣ ಅನ್ನೋ ಹಾಗಿಲ್ಲ ಬಿಡು ಮೇಸ್ತ್ರಿ. ಹೊಸ ಹೆಸರು ಹುಡುಕ್ಬೇಕು."

"ಹುಡುಕೋ ಆಮೇಲೆ. ಈಗ ಮುಖ ಆಚೆ ತಿರುಗ್ಸು," ಅಂದ ಅಪ್ಪ. ಆಮೇಲೆ ಮಗಳ ಕಡೆ ನೋಡಿ, ಅವಳು ಹುಟ್ಟಿದಾಗಿನಿಂದ ಒಮ್ಮೆಯೂ ಹೇಳದ ಮಾತು ಹೇಳಿದ: "ಪಾಪು, ಆ ಶೀಲ್ಡ್ ತಗೊ. ನೋಡು."

ಅವಳು ಮೊಳೆಯಿಂದ ಶೀಲ್ಡು ತೆಗೆದು ಮುಖಕ್ಕೆ ಹಿಡಿದಳು. ಕತ್ತಲೆ. ಪೆಡಲು ತುಳಿದ ಸದ್ದು, ಗಾಜು ಕೂತ ಸದ್ದು. ಹಸಿರು ನಕ್ಷತ್ರ ಹೊತ್ತಿಕೊಂಡಿತು. ತೂಗುವ ಗಾಜಿನ ನೆರಳು ಅಪ್ಪನ ಹಣೆಯಿಂದ ಮೂಗಿನವರೆಗೆ ಬಿದ್ದಿತ್ತು. ಓರೆಯಿಂದ ನೋಡುತ್ತಿದ್ದ ಅವಳಿಗೆ ಆ ನೆರಳಿನೊಳಗೆ, ಮಸುಕಾಗಿ, ಆದರೆ ಅನುಮಾನಕ್ಕೆ ಎಡೆಯಿಲ್ಲದ ಹಾಗೆ, ಕಂಡಿತು: ಅವನ ಎರಡು ಕಣ್ಣೂ ತೆರೆದಿದ್ದವು.